ಕೊಕ್ಕರ್ಣೆಯ ದಾರಿ

ಊರು ನೋಡುವುದಕ್ಕೆ ಕಾರು ತಕ್ಕ ವಾಹನವೆ ಎಂಬ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸಂಶಯ. ನಡೆದು ಹೋಗುವವನಿಗೆ ಊರು ಸಿಗುತ್ತದೆ, ದೂರ ಸಿಗುವುದಿಲ್ಲ. ರೈಲಿನಲ್ಲಿ ಹೋಗುವವನಿಗೆ ದೂರ ಸಿಗುತ್ತದೆ, ಊರು ಸಿಗುವುದಿಲ್ಲ. ಕಾರಿನಲ್ಲಿ ಕುಳಿತವನು ಇವರಿಬ್ಬರ ನಡುವಿನ ತ್ರಿಶಂಕು. ಬೇಕೆಂದಲ್ಲಿ ನಿಲ್ಲಿಸಬಹುದು ಎಂಬುದು ಕಾರಿನ ದೊಡ್ಡ ಗುಣ. ಒಮ್ಮೆ ಹೊರಟಿತೆಂದರೆ ಎಲ್ಲಿಯೂ ನಿಲ್ಲಿಸಬೇಕೆಂದು ಅನ್ನಿಸದೆ ಇರುವುದು ಅದರ ದೊಡ್ಡ ದೋಷ. ಇದಕ್ಕೆ ನಾನು ಕಂಡುಕೊಂಡಿರುವ ಮದ್ದು ಒಂದೇ: ಹೊರಡುವಾಗ ಏನಾದರೊಂದು ಸಣ್ಣ ಕೆಲಸವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಡುವುದು. ನೆಂಟರ ಮನೆಗೆ ಕಾಗದವೊಂದನ್ನು ಮುಟ್ಟಿಸುವುದೊ, ಯಾರದೊ ಹಿತ್ತಿಲಿನಿಂದ ಎರಡು ಹಲಸಿನ ಹಣ್ಣು ತರುವುದೊ, ಯಾವುದಾದರೂ ಆದೀತು. ಕೆಲಸವಿಲ್ಲದೆ ಊರೊಳಗೆ ಹೋದವನು ಬರಿಯ ನೋಡುವವನು. ಕೆಲಸವಿದ್ದು ಹೋದವನು ನಾಲ್ಕು ಜನರ ಹತ್ತಿರ ದಾರಿ ಕೇಳಬೇಕಾಗುತ್ತದೆ, ನಾಲ್ಕು ಜನರ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಅಷ್ಟು ಹೊತ್ತಿಗೆ ಊರು ತಾನಾಗಿಯೇ ಬಾಗಿಲು ತೆರೆದಿರುತ್ತದೆ.

ಕಳೆದ ಡಿಸೆಂಬರಿನಲ್ಲಿ ನನ್ನ ಪಾಲಿಗೆ ಬಂದ ಕೆಲಸ ಕಳ್ಳು ತರುವುದು.

ಓದುಗರು ಹುಬ್ಬೇರಿಸಬೇಕಾಗಿಲ್ಲ. ಬ್ರಹ್ಮಾವರದಲ್ಲಿ ನಮ್ಮ ಮನೆಯ ಪಕ್ಕದಲ್ಲಿ ಕೊಂಕಣಿ ಮಾತನಾಡುವ ಕ್ರಿಸ್ತಾನ ಕುಟುಂಬವೊಂದುಂಟು. ಆ ಮನೆಯ ಹಿರಿಯಾಕೆಯನ್ನು ಕೇರಿಯವರೆಲ್ಲ ಕರೆಯುವುದು ಬಾಯಮ್ಮನೆಂದು. ಕ್ರಿಸ್ಮಸ್ಸಿಗೆ ಅವರ ಮನೆಯಲ್ಲಿ ಸನ್ನ ಆಗಲೇಬೇಕು. ಆದ ಸನ್ನದಲ್ಲಿ ಹತ್ತಾದರೂ ಬೇಲಿ ದಾಟಿ ನಮ್ಮ ಮನೆಗೆ ಬರಲೇಬೇಕು. ಅಕ್ಕಿ ಉದ್ದುಗಳ ಹಿಟ್ಟಿಗೆ ಕಳ್ಳು ಬೆರಸಿ, ಹುಳಿ ಬರಿಸಿ, ಹಬೆಯಲ್ಲಿ ಬೇಯಿಸಿದ ಈ ಬಿಳಿಯ ತಿಂಡಿಯನ್ನು ಇಡ್ಲಿಯ ತಂಗಿ ಎನ್ನಬಹುದು. ಆದರೆ ಅಕ್ಕನಿಗಿಂತ ಮೃದು, ಅಕ್ಕನಿಗಿಂತ ತುಸು ಸಿಹಿ. ಈಚೆಗೆ ಎಷ್ಟೋ ಮನೆಗಳಲ್ಲಿ ಕಳ್ಳಿಗೆ ಬದಲು ಅಂಗಡಿಯ ಯೀಸ್ಟ್ ಬಂದಿದೆ. ಬಾಯಮ್ಮ ಒಪ್ಪುವುದಿಲ್ಲ. “ಅದನ್ನು ಹಾಕಿದರೆ ಉಬ್ಬುತ್ತದೆ ಮಾಷ್ಟ್ರೆ, ಸನ್ನ ಆಗುವುದಿಲ್ಲ” ಎಂಬುದು ಅವರ ತೀರ್ಪು. ಅವರಿಗೆ ಕಳ್ಳು ತಂದುಕೊಡುತ್ತಿದ್ದವನು ಮೊಣಕಾಲು ನೋವೆಂದು ಮರ ಹತ್ತುವುದನ್ನು ಬಿಟ್ಟಿದ್ದ. ಕೊಕ್ಕರ್ಣೆಯ ಕಡೆ ಈಗಲೂ ಒಳ್ಳೆಯ ಕಳ್ಳು ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಬಾಯಮ್ಮನ ಕೈಯ ಸ್ಟೀಲಿನ ಪಾತ್ರೆ ನನ್ನ ಕೈಗೆ ಬಂತು.

ಕಾರು ಬಂದದ್ದು ನನ್ನ ಅಕ್ಕನ ಮಗನಿಂದ. ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನಲ್ಲಿ. ಈಗ ಜರ್ಮನಿಯಲ್ಲಿ ಕೆಲಸ. ರಜೆಗೆ ಬಂದವನು ಎರಡು ದಿನ ಸುಮ್ಮನೆ ಕುಳಿತು ಮೂರನೆಯ ದಿನ, “ಮಾವ, ಎಲ್ಲಿಗಾದರೂ ಹೋಗೋಣ” ಎಂದ. ಎಲ್ಲಿಗೆ ಎಂದರೆ, ಹಿಂದಿನ ಶರತ್ಕಾಲದಲ್ಲಿ ಗಡಿ ದಾಟಿ ಫ್ರಾನ್ಸಿನ ಅಲ್ಸಾಸ್ ಸೀಮೆಯಲ್ಲಿ ತಾನು ಮಾಡಿದ ಕಾರು ಸವಾರಿಯ ವರ್ಣನೆಗೆ ತೊಡಗಿದ. ಅಲ್ಲಿ ದ್ರಾಕ್ಷಾರಸದ ದಾರಿ ಎಂದೇ ಒಂದು ದಾರಿಯುಂಟಂತೆ. 1953ರಲ್ಲಿ ಅದಕ್ಕೆ ಹೆಸರಿಟ್ಟು ಫಲಕ ನೆಟ್ಟರು. ಉದ್ದ ಸುಮಾರು 170 ಕಿಲೋಮೀಟರು. ಎರಡು ಕಡೆಯೂ ದ್ರಾಕ್ಷಿಯ ಇಳಿಜಾರು, ನಡುನಡುವೆ ಮರದ ತೊಲೆಗಳು ಕಾಣುವ ಹಳೆಯ ಮನೆಗಳ ಹಳ್ಳಿಗಳು, ಹಳ್ಳಿಗೊಂದು ಗೋಪುರ, ಮನೆಗೊಂದು ನೆಲಮಾಳಿಗೆ. ನಿಂತಲ್ಲೆಲ್ಲ ಒಂದು ಗುಟುಕು ರುಚಿ ನೋಡಲು ಕೊಡುತ್ತಾರೆ. ಸೀಸೆಯ ಮೇಲೆ ಹಳ್ಳಿಯ ಹೆಸರು, ಮಾಡಿದವನ ಹೆಸರು, ಇಸವಿ. “ನಮ್ಮಲ್ಲಿ ಅಂಥದ್ದೇನಾದರೂ ಇದೆಯಾ ಮಾವ?” ಎಂದು ಕೇಳಿದ.

ನಂದಿಬೆಟ್ಟದ ತಪ್ಪಲಿನಲ್ಲಿ, ವಿಜಯಪುರದ ಕಡೆಯಲ್ಲಿ ದ್ರಾಕ್ಷಿಯ ತೋಟಗಳೂ ಉಂಟು, ರಸ ತೆಗೆಯುವ ಕಾರಖಾನೆಗಳೂ ಉಂಟು ಎಂದು ಹೇಳಬಹುದಾಗಿತ್ತು. ನಾನು ಹೇಳಲಿಲ್ಲ. ಬಾಯಮ್ಮನ ಪಾತ್ರೆಯನ್ನು ಅವನ ಕೈಗಿತ್ತು, “ಇದೆ, ಕಾರು ತೆಗಿ” ಎಂದೆ.

ಹೋಗಿ ಬರುವ ದಾರಿಯೆಲ್ಲ ಸೇರಿದರೂ 50 ಕಿಲೋಮೀಟರಿನ ಆಸುಪಾಸು. ಆದರೆ ಅದರಲ್ಲಿ ಅಡಗಿರುವ ಕಾಲದ ಉದ್ದವನ್ನು ಅಳೆಯುವ ಯಂತ್ರ ಕಾರಿನಲ್ಲಿ ಇರುವುದಿಲ್ಲ. ಹೆದ್ದಾರಿ ಬಿಟ್ಟು ಒಳಗೆ ತಿರುಗಿ, ಸೀತಾನದಿಯನ್ನು ದಾಟಿದರೆ ಬಾರಕೂರು. ಆಳುಪರ ರಾಜಧಾನಿ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಆಡಳಿತದ ನೆಲೆ. 14ನೆಯ ಶತಮಾನದ ನಡುವಿನಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ ಫಾಕನೂರು ಎಂದು ಕರೆದದ್ದು ಈ ಊರನ್ನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇಲ್ಲಿಯ ಕಬ್ಬಿಗೆ ಆ ನಾಡಿನಲ್ಲೇ ಸಾಟಿಯಿಲ್ಲವೆಂದು ಆತ ಬರೆದಿಟ್ಟ. ಮುಂದೆ ಬಂದ ಪೋರ್ಚುಗೀಸರ ಬರಹಗಳಲ್ಲಿ ಇದೇ ಊರು ಅಕ್ಕಿ ಹೊರಡುವ ರೇವಾಗಿ ಕಾಣಿಸಿಕೊಳ್ಳುತ್ತದೆ. ಈಗ ಇಲ್ಲಿ ಹಡಗಿಲ್ಲ. ಕೊಂಕಣ ರೈಲಿನ ಒಂದು ನಿಲ್ದಾಣವಿದೆ. ಮೂಡುಕೇರಿ, ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂದು ಕೇರಿಗಳ ಹೆಸರು ಮಾತ್ರ ರಾಜಧಾನಿಯ ಗತ್ತಿನಲ್ಲೇ ಉಳಿದಿವೆ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವು ಎಂದು ಜನ ಹೇಳುತ್ತಾರೆ. ಎಣಿಸಿದವರು ಯಾರೆಂದು ಕೇಳಬಾರದು. ವರ್ಷದ ಒಂದು ದಿನವೂ ದೇವರಿಲ್ಲದೆ ಕಳೆಯಬಾರದೆಂಬುದು ಲೆಕ್ಕವಲ್ಲ, ಆಸೆ.

ಕತ್ತಲೆ ಬಸದಿಯ ಕಂಬಗಳ ನಡುವೆ ಸ್ವಲ್ಪ ಹೊತ್ತು ಕುಳಿತೆವು. ಕಲ್ಲಿನ ಚಾವಣಿಯ ತಂಪು. ಹೊರಗೆ ಕೊಯ್ಲಾದ ಗದ್ದೆಗಳಲ್ಲಿ ಉದ್ದಿನ ಹಸುರು. ಭೂತಾಳಪಾಂಡ್ಯನ ಕತೆಯನ್ನು ಅಲ್ಲಿಯೇ ಅಳಿಯನಿಗೆ ಹೇಳಿದೆ. ಬಾರಕೂರಿನ ಅರಸನ ಹಡಗು ಕದಲದೆ ನಿಂತಾಗ ಕುಂಡೋದರನೆಂಬ ಭೂತ ಬಲಿ ಕೇಳಿತು. ಅರಸ ತನ್ನ ಮಗನನ್ನು ಕೊಡುವೆನೆಂದರೆ ಹೆಂಡತಿ ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ತಂದು ನಿಲ್ಲಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ರಾಜ್ಯ ಆ ಸೋದರಳಿಯನದಾಯಿತು. ಅಳಿಯಕಟ್ಟು ಎಂಬ ಪದ್ಧತಿ ಅಂದಿನಿಂದ ಹುಟ್ಟಿತು ಎಂದು ಐತಿಹ್ಯ. ಬಂಟರು, ಬಿಲ್ಲವರು ಮೊದಲಾದ ಎಷ್ಟೋ ಜನ ಶತಮಾನಗಳ ಕಾಲ ಈ ಕಟ್ಟಿನಂತೆ ಬಾಳಿದರು. 1956ರ ಹಿಂದೂ ವಾರಸು ಕಾಯಿದೆ ಬಂದ ಮೇಲೆ ಅದರ ಬಿಗಿ ಸಡಿಲವಾಯಿತು.

“ಹಾಗಾದರೆ ಹಳೆಯ ಕಾಲವಾಗಿದ್ದರೆ ನಿಮ್ಮದೆಲ್ಲ ನನಗೆ ಬರುತ್ತಿತ್ತು!” ಎಂದ ಅಳಿಯ.

“ನಮ್ಮದು ಮಕ್ಕಳಕಟ್ಟು. ಅಲ್ಲದಿದ್ದರೂ ನಿನಗೆ ಬರುತ್ತಿದ್ದದ್ದು ಗೆದ್ದಲು ಹಿಡಿದ ಒಂದು ಪುಸ್ತಕದ ಕಪಾಟು” ಎಂದೆ. ನಗು ಮುಗಿಯಿತು. ಆದರೆ ಯಾರದು ಯಾರಿಗೆ ಹೋಗಬೇಕೆಂಬ ಆ ಹಳೆಯ ಪ್ರಶ್ನೆ ಬಸದಿಯ ನೆರಳಿನಲ್ಲಿ ಕುಳಿತಿರದೆ ನಮ್ಮ ಜೊತೆಗೆ ಕಾರು ಹತ್ತಿತ್ತೆಂಬುದು ಸಂಜೆ ತಿಳಿಯಿತು.

ಸೀತಾನದಿಯ ಉತ್ತರಕ್ಕೆ ಹೋದಂತೆಲ್ಲ ತುಳು ಹಿಂದೆ ಸರಿದು ಕುಂದಾಪುರದ ಕನ್ನಡ ಮುಂದೆ ಬರುತ್ತದೆ. ಗೇಣುದ್ದದ ಶಬ್ದವನ್ನು ಬೆರಳುದ್ದ ಮಾಡಿ ಆಡುವ ಕನ್ನಡ ಅದು. ಬೆಂಗಳೂರಿನ ಕಿವಿಗೆ ಅದರಲ್ಲಿ ಒಂದು ದೊಡ್ಡ ಮೋಸ ಕಾದಿರುತ್ತದೆ. ದಾರಿಯಲ್ಲಿ ಸೌದೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳನ್ನು ಅಳಿಯ, ಈ ಕಡೆ ನೋಡುವಂಥದ್ದು ಏನಿದೆ ಎಂದು ವಿಚಾರಿಸಿದ. “ಮುಂದೆ ಹ್ವಾದ್ರೆ ಹಳೇ ದೇವಸ್ಥಾನ ಇತ್ತ್” ಎಂದಳು ಆಕೆ. ಇವನು ನನ್ನ ಕಡೆ ತಿರುಗಿ, “ಪಾಪ, ಈಗ ಇಲ್ಲವಂತೆ” ಎಂದ. ನನಗೆ ನಗು ತಡೆಯಲಾಗಲಿಲ್ಲ. ಈ ಸೀಮೆಯಲ್ಲಿ ‘ಇತ್ತ್’ ಎಂದರೆ ಇದೆ ಎಂದರ್ಥ. ಹಣ ಇತ್ತ್ ಎಂದರೆ ಕಿಸೆಯಲ್ಲಿ ಈಗ ಹಣವಿದೆ. ಅನ್ನ ಇತ್ತ್ ಎಂದರೆ ಕುಳಿತರೆ ಊಟ ಮಾಡಬಹುದು. ನಾವು ಪುಸ್ತಕದ ಕನ್ನಡದವರು ಆಗಿಹೋಯಿತೆಂದು ಹೇಳುವ ಶಬ್ದದಿಂದಲೇ ಇವರು ಇದೆ ಎಂದು ಹೇಳುತ್ತಾರೆ. ಚರಿತ್ರೆಯ ಊರುಗಳನ್ನು ನೋಡಲು ಹೊರಟವನಿಗೆ ಇದಕ್ಕಿಂತ ಒಳ್ಳೆಯ ವ್ಯಾಕರಣಪಾಠ ಬೇಕೆ?

ಮಂದಾರ್ತಿಯಲ್ಲಿ ಅದೇ ಪಾಠ ಮುಂದುವರಿಯಿತು. ದುರ್ಗಾಪರಮೇಶ್ವರಿಯ ದೇವಸ್ಥಾನ, ಡಿಸೆಂಬರಾದ್ದರಿಂದ ಯಕ್ಷಗಾನದ ತಿರುಗಾಟ ಆಗಲೇ ಶುರುವಾಗಿತ್ತು. ಈ ಒಂದು ದೇವಸ್ಥಾನದ ಹೆಸರಿನಲ್ಲಿ 5 ಮೇಳಗಳು ಹೊರಡುತ್ತವೆ. ಟಿಕೇಟಿಲ್ಲ, ಹರಕೆ ಹೊತ್ತವರ ಮನೆಯಂಗಳದಲ್ಲೊ ಗದ್ದೆಯಲ್ಲೊ ಆಟ. ಐದು ಮೇಳವಿದ್ದರೂ ಸಾಲದೆ, ಇವತ್ತು ಹರಕೆ ಹೇಳಿದವನು ತನ್ನ ಸರದಿಗೆ ವರ್ಷಗಟ್ಟಲೆ ಕಾಯಬೇಕು. ಮಗುವಿಗೆಂದು ಹೊತ್ತ ಹರಕೆಯ ಆಟಕ್ಕೆ ಆ ಮಗುವೇ ದೊಡ್ಡದಾಗಿ ಕುರ್ಚಿ ಹಾಕಿಸುವಂತಾಗುತ್ತದೆ ಎಂದು ಇಲ್ಲಿಯವರು ತಮಾಷೆ ಮಾಡುತ್ತಾರೆ. ಅಳಿಯ ಇದನ್ನು ಕೇಳಿ ಬೆರಗಾದ. ಆಟ ಇವತ್ತು ರಾತ್ರಿ ಆಡಿದರೆ ಇವತ್ತು ರಾತ್ರಿಗೆ ಮುಗಿಯಿತು. ನಾಳೆಗೆ ಇಟ್ಟುಕೊಳ್ಳುವ ಹಾಗಿಲ್ಲ. ನಾಳೆ ಮತ್ತೆ ಬಣ್ಣ ಹಚ್ಚಬೇಕು, ಮತ್ತೆ ಚಂಡೆ ಬಾರಿಸಬೇಕು. ಇಷ್ಟು ಕಾಲ ಅದು ಉಳಿದಿರುವುದು ಯಾರೋ ಕಾಪಿಟ್ಟದ್ದರಿಂದಲ್ಲ, ಯಾರೋ ದಿನವೂ ಮಾಡಿದ್ದರಿಂದ.

ಮಂದಾರ್ತಿಯಿಂದ ಕೊಕ್ಕರ್ಣೆಗೆ ದಾರಿ ಹೇಳುವ ಭಾರವನ್ನು ಅಳಿಯ ತನ್ನ ಫೋನಿನೊಳಗಿನ ಹೆಂಗಸಿಗೆ ಒಪ್ಪಿಸಿದ್ದ. ಆಕೆ ಊರಿನ ಹೆಸರನ್ನು ಯಾವುದೋ ವಿಲಾಯತಿ ಪಟ್ಟಣದ ಹೆಸರಿನಂತೆ ಉಚ್ಚರಿಸುತ್ತ, ಗದ್ದೆ, ಅಡಕೆ ತೋಟ, ರಬ್ಬರು, ಕೆಂಪು ಮುರಕಲ್ಲಿನ ದರೆಗಳ ನಡುವೆ ನಮ್ಮನ್ನು ಕರೆದುಕೊಂಡು ಹೋದಳು. ಪೂರ್ವಕ್ಕೆ ಆಗುಂಬೆಯ ಕಡೆಯ ಘಟ್ಟ ನೀಲಿಯಾಗಿ ಕಾಣುತ್ತಿತ್ತು. ಅಲ್ಸಾಸಿನಲ್ಲಿ ದ್ರಾಕ್ಷಿಯ ಬಳ್ಳಿ ಎಷ್ಟೊ ಇಲ್ಲಿ ತೆಂಗಿನ ಮರ ಅಷ್ಟು. ವ್ಯತ್ಯಾಸವೇನೆಂದರೆ ಅಲ್ಲಿ ಕುಡಿಯುವ ವಸ್ತು ಮನುಷ್ಯನ ಸೊಂಟದೆತ್ತರದಲ್ಲಿರುತ್ತದೆ. ಇಲ್ಲಿ ಐವತ್ತು ಅರವತ್ತು ಅಡಿಯ ಮೇಲೆ.

ಕೊಕ್ಕರ್ಣೆಯ ಪೇಟೆಯಲ್ಲಿ ಚಹ ಕುಡಿಯಲು ಹೊಕ್ಕೆವು. ಗೋಳಿಬಜೆ ಬಿಸಿಯಾಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದ ಬಾಯಿಂದ ಕಳ್ಳಿನ ಅಂಗಡಿಯ ದಾರಿ ಕೇಳುವುದು ಸುಲಭವಲ್ಲ ಎಂಬುದನ್ನು ಅಲ್ಲಿ ಕಂಡುಕೊಂಡೆ. ಆದಷ್ಟು ಸಣ್ಣ ದನಿಯಲ್ಲಿ, “ಇಲ್ಲಿ ಗಡಂಗು ಎಲ್ಲಿ?” ಎಂದೆ. ಹೋಟೆಲಿನವರು ಅಷ್ಟೇ ದೊಡ್ಡ ದನಿಯಲ್ಲಿ, “ಗಡಂಗಾ? ನಿಮ್ಗ್ ಎಂತಕೆ ಮಾಷ್ಟ್ರೆ?” ಎಂದರು. ಒಳಗಿದ್ದ ಆರೇಳು ಜನರೂ ತಿರುಗಿ ನೋಡಿದರು. “ಸನ್ನಕ್ಕೆ” ಎಂದೆ. “ಹಾಂಗ್ ಹೇಳಿ!” ಎಂದು ಇಡೀ ಹೋಟೆಲು ಸಮಾಧಾನಪಟ್ಟುಕೊಂಡಿತು. ಬೆಳಗಿನ ಕಳ್ಳು ಹುಳಿಯಾಗಿರುತ್ತದೆ, ಸನ್ನಕ್ಕೆ ಸಂಜೆ ಇಳಿಸಿದ್ದೇ ಆಗಬೇಕು, ಇಂಥಲ್ಲಿ ಹೋಗಿ, ಇಂಥವರನ್ನು ಕೇಳಿ, ಹೊತ್ತು ಕಂತುವ ಮೊದಲು ಹೋಗಿ ಎಂದು ನಾಲ್ವರು ನಾಲ್ಕು ಕಡೆಯಿಂದ ಹೇಳಿದರು. ಸಂಜೆಯವರೆಗೆ ಏನು ಮಾಡುವುದೆಂದು ಕೇಳಿದ್ದಕ್ಕೆ, “ಸೂರಾಲಲ್ಲಿ ಅರಮನೆ ಇತ್ತಲೆ!” ಎಂಬ ಉತ್ತರ ಬಂತು. ಈ ಸಲ ಅಳಿಯ ನನ್ನ ಕಡೆ ನೋಡಿ ನಕ್ಕ. ಇತ್ತ್ ಎಂದರೆ ಇದೆ.

ಸೂರಾಲಿನ ಅರಮನೆ ಕೊಕ್ಕರ್ಣೆಯಿಂದ ದೂರವಲ್ಲ. ಈ ಸೀಮೆಯನ್ನು ಆಳಿದ ತೊಳಹರೆಂಬ ಜೈನ ಅರಸು ಮನೆತನದ ನೆಲೆ ಅದು. ಅರಮನೆ ಎಂದೊಡನೆ ಮೈಸೂರಿನದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವನಿಗೆ ನಿರಾಶೆಯಾಗುತ್ತದೆ. ಕಣ್ಣು ತೆರೆದಿಟ್ಟುಕೊಂಡು ಹೋದವನಿಗೆ ಆಗುವುದಿಲ್ಲ. ಗೋಡೆಗಳೆಲ್ಲ ಮಣ್ಣು. ಮೇಲೆ ಇಳಿಜಾರಾದ ಹೆಂಚಿನ ಮಾಡು, ನಡುವೆ ಅಂಗಳ, ಸುತ್ತ ಮರದ ಕಂಬಗಳ ಚಾವಡಿ. ಪಾಳುಬೀಳುತ್ತಿದ್ದುದನ್ನು ಈಚಿನ ವರ್ಷಗಳಲ್ಲಿ ಸರಕಾರ ಜೀರ್ಣೋದ್ಧಾರ ಮಾಡಿಸಿದೆ.

ಮಣ್ಣಿನ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿದೆ. ನಮ್ಮ ಕರಾವಳಿಯ ಮಳೆಯನ್ನು ಬಲ್ಲವರಿಗೆ ಇದು ಎಂಥ ಸಾಹಸವೆಂದು ಹೇಳಬೇಕಾಗಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶಕ್ಕೆ ಬೇರೆ ಕಸುಬಿರುವುದಿಲ್ಲ. ಮಾಡಿನಲ್ಲಿ ಒಂದು ಹೆಂಚು ಸರಿದು, ಅದನ್ನು ಒಂದು ಮಳೆಗಾಲ ಯಾರೂ ನೋಡದೆ ಹೋದರೆ ಸಾಕು, ಕೆಳಗಿನ ಗೋಡೆ ಕೆಸರಾಗಿ ಇಳಿಯುತ್ತದೆ. ಹಾಗಾದರೆ ಶತಮಾನಗಳ ಕಾಲ ಇದು ನಿಂತದ್ದು ಹೇಗೆ? ಪ್ರತಿವರ್ಷ ಮಳೆಗೆ ಮೊದಲು ಯಾರೋ ಮಾಡು ಹತ್ತಿ ಹೆಂಚು ಕೈಯಾಡಿಸಿದರು. ಯಾರೋ ಎರಚಲು ಬೀಳುವ ಕಡೆ ಮಡಲಿನ ತಟ್ಟಿ ಕಟ್ಟಿದರು. ಮಳೆ ನಿಂತ ಮೇಲೆ ಯಾರೋ ಬಿರುಕಿಗೆ ಮಣ್ಣು ಮೆತ್ತಿದರು. ಶಾಸನಗಳಲ್ಲಿ ಕಟ್ಟಿಸಿದವರ ಹೆಸರಿರುತ್ತದೆ; ಹೆಂಚು ಕೈಯಾಡಿಸಿದವರ ಹೆಸರು ಇರುವುದಿಲ್ಲ. ಕಲ್ಲಿನ ದೇವಸ್ಥಾನ ತನ್ನ ಬಲದಿಂದ ನಿಲ್ಲುತ್ತದೆ. ಮಣ್ಣಿನ ಅರಮನೆ ನಿಲ್ಲುವುದು ಬೇರೆಯವರ ಬಲದಿಂದ.

ಹೊತ್ತು ಇಳಿಯತೊಡಗಿದಾಗ ಹೋಟೆಲಿನವರು ಹೇಳಿದ್ದ ತೋಟಕ್ಕೆ ಬಂದೆವು. ಮೂರ್ತೆ ಮಾಡುವ ಹಿರಿಯರು ಆಗಲೇ ಮರದ ಮೇಲಿದ್ದರು. ಕಾಂಡಕ್ಕೆ ಅಲ್ಲಲ್ಲಿ ಕಟ್ಟಿದ ತೆಂಗಿನ ಸಿಪ್ಪೆಯೇ ಮೆಟ್ಟಿಲು; ಸೊಂಟದ ಹಿಂದೆ ಕತ್ತಿ. ತಲೆಯೆತ್ತಿ ನೋಡಿದರೆ ಗರಿಗಳ ನಡುವೆ ಎರಡು ಪಾದಗಳು ಮಾತ್ರ ಕಾಣುತ್ತಿದ್ದುವು. ಇನ್ನೂ ಬಿಚ್ಚದ ಹೊಂಬಾಳೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿ, ಗಟ್ಟಿ ತುಂಡೊಂದರಿಂದ ದಿನವೂ ಮೆಲ್ಲಗೆ ತಟ್ಟಿ ತಟ್ಟಿ ಹದಮಾಡಬೇಕು. ಜೋರಾಗಿ ತಟ್ಟಿದರೆ ಕೆಟ್ಟಿತು, ತಟ್ಟದಿದ್ದರೆ ಸುರಿಯುವುದಿಲ್ಲ. ಕೆಲವು ದಿನಗಳ ಮೇಲೆ ತುದಿ ಕೊಯ್ದರೆ ಹನಿ ಕಟ್ಟುತ್ತದೆ. ಅದರ ಕೆಳಗೆ ಮಡಕೆ ಕಟ್ಟಿ, ಬೆಳಿಗ್ಗೆ ಸಂಜೆ ಹತ್ತಿ, ಇಳಿದದ್ದನ್ನು ತಂದು, ತುದಿಯನ್ನು ಎಲೆಯಷ್ಟು ತೆಳ್ಳಗೆ ಮತ್ತೆ ಕೊಯ್ಯಬೇಕು. ಕಳ್ಳಿಗೆ ಬಿಟ್ಟ ಹೊಂಬಾಳೆಯಲ್ಲಿ ಕಾಯಿಯಾಗುವುದಿಲ್ಲ. ಆದ್ದರಿಂದ ತೋಟದ ಯಜಮಾನರಿಗೆ ಮರದ ಲೆಕ್ಕದಲ್ಲಿ ಬಾಡಿಗೆ. ಮಡಕೆಗೆ ಸುಣ್ಣ ಸವರಿದರೆ ರಸ ಸಿಹಿಯಾಗಿಯೇ ಉಳಿಯುತ್ತದೆ. ಅದನ್ನು ಕಾಯಿಸಿದರೆ ಬೆಲ್ಲ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿರುವ ಜೀವಾಣುಗಳು ಮರದ ಮೇಲೆಯೇ ಕೆಲಸಕ್ಕೆ ತೊಡಗುತ್ತವೆ. ಬೆಳಗಿನ ಸಿಹಿ ಸಂಜೆಗೆ ಹುಳಿ. ಇನ್ನು ಕೆಲವು ದಿನಕ್ಕೆ ವಿನೆಗರ್. ಅಲ್ಸಾಸಿನ ರಸ ವರ್ಷ ಕಳೆದಂತೆ ಬೆಲೆಯೇರುತ್ತದೆ. ಕಳ್ಳಿನ ಆಯುಷ್ಯ ಒಂದು ದಿನ. ಅದಕ್ಕೆ ಸೀಸೆಯಿಲ್ಲ, ಇಸವಿಯಿಲ್ಲ, ನೆಲಮಾಳಿಗೆಯಿಲ್ಲ. ಇಸವಿ ಕೇಳಿದರೆ ‘ಇವತ್ತು’ ಎನ್ನಬೇಕು.

ಹಾಗೆಂದು ಕಳ್ಳಿನ ಮಹಿಮೆಯನ್ನು ಹಾಡಲು ನಾನು ಕುಳಿತಿಲ್ಲ. ಕುಡಿತದಿಂದ ಮುಳುಗಿದ ಮನೆಗಳನ್ನು ನಾನು ಕಂಡಿದ್ದೇನೆ. ಅಂಥ ಮನೆಯ ಮಕ್ಕಳು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತದ್ದುಂಟು. ಸಾರಾಯಿಯನ್ನು ರಾಜ್ಯ 2007ರಲ್ಲಿ ನಿಲ್ಲಿಸಿತು. ಶೇಂದಿಗೆ ಇತರ ಕಡೆ ಇರುವ ನಿಷೇಧ ದಕ್ಷಿಣ ಕನ್ನಡ ಉಡುಪಿ ಜಿಲ್ಲೆಗಳಿಗಿಲ್ಲ. ಇಲ್ಲಿ ಮೂರ್ತೆದಾರರದೇ ಸಹಕಾರಿ ಸಂಘಗಳು ನಡೆಯುತ್ತಿವೆ. ಆದರೆ ಈ ಕಸುಬಿನ ಮೇಲೆ ಸರಕಾರದ ಕಾನೂನಿಗಿಂತ ಹಳೆಯದಾದ ಇನ್ನೊಂದು ಭಾರವಿದೆ. ಕಳ್ಳು ಕುಡಿದವನು ಬಾಯಿ ಮುಕ್ಕಳಿಸಿ ದೇವಸ್ಥಾನಕ್ಕೆ ಹೋಗುತ್ತಿದ್ದ; ಕಳ್ಳು ಇಳಿಸಿದವನು ಮಾತ್ರ ಹೊರಗೆ ನಿಲ್ಲಬೇಕಾಗಿತ್ತು. ಹಾಗೆ ಹೊರಗೆ ನಿಂತ ಬಿಲ್ಲವರು ಮಂಗಳೂರಿನ ಕುದ್ರೋಳಿಯಲ್ಲಿ ತಮ್ಮದೇ ದೇವಸ್ಥಾನ ಕಟ್ಟಿದರು. 1912ರಲ್ಲಿ ನಾರಾಯಣ ಗುರುಗಳು ಬಂದು ಅಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದರು. ಮದ್ಯವನ್ನು ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂಬ ಅರ್ಥದ ಮಾತನ್ನು ಕೇರಳದಲ್ಲಿ ಹೇಳಿದವರೂ ಅವರೇ. ಗುರುವಿನ ಮಾತು ಒಂದು ಕಡೆ, ಹೊಟ್ಟೆಯ ಮಾತು ಇನ್ನೊಂದು ಕಡೆ. ನಡುವೆ ಒಂದು ಸಮಾಜ ನೂರು ವರ್ಷ ನಡೆದು ಬಂದಿದೆ. ಅಲ್ಸಾಸಿನ ಹಳ್ಳಿಗನಂತೆ ಮನೆಯ ಮುಂದೆ ತನ್ನ ಹೆಸರಿನ ಫಲಕ ತೂಗುಹಾಕಲು ಇಲ್ಲಿಯವನಿಗೆ ಕೈ ಬರುವುದಿಲ್ಲವೆಂದರೆ ಅದು ಆಲಸ್ಯದಿಂದಲ್ಲ.

ಹಿರಿಯರು ಇಳಿದು ಬಂದರು. ಅರವತ್ತು ದಾಟಿದ ಮೈ. ಅಂಗೈ ತೆಂಗಿನ ತೊಗಟೆಯಂತೆಯೇ ಇತ್ತು. ವಿಷಯ ತಿಳಿಸಿದೆ. ಅಂಗಡಿಯಲ್ಲಿ ಬರೆಸಿ ಕೊಡುವುದು ಪದ್ಧತಿ, ತಾನು ಅಲ್ಲಿಗೇ ಹೊರಟಿದ್ದೇನೆ, ಜೊತೆಗೆ ಬರಬಹುದು ಎಂದರು. ನಡೆಯುತ್ತ ಮಾತಿಗೆ ಕುಳಿತಂತಾಯಿತು.

“ಪೂಜಾರ್ರೆ, ನಿಮ್ಮ ನಂತರ ಯಾರು?” ಎಂದು ಅಳಿಯನೇ ಕೇಳಿದ.

“ಗಂಡ್ ಮಗ ಒಬ್ಬ ಇದ್ದ” ಎಂದರು ಅವರು.

ಅಳಿಯನ ಮುಖ ಸಣ್ಣದಾಯಿತು. ಏನು ಹೇಳಬೇಕೆಂದು ತಿಳಿಯದೆ, “ಛೆ, ಯಾವಾಗ...?” ಎಂದು ತಡವರಿಸಿದ. ಹಿರಿಯರಿಗೆ ಅರ್ಥವಾಗಲಿಲ್ಲ. “ಬೊಂಬಾಯಲ್ಲಿದ್ದ. ಹೋಟ್ಲಲ್ಲಿ ಕೆಲಸ. ವಾರಕ್ಕೊಂದ್ ರಜೆ ಇತ್ತ್ ಅವ್ನಿಗೆ” ಎಂದು ಮುಂದುವರಿಸಿದರು. ‘ಇತ್ತ್’ ಕಲಿತವನು ‘ಇದ್ದ’ವನ್ನು ಇನ್ನೂ ಕಲಿಯಬೇಕಾಗಿತ್ತು. ಮಗನೇನೋ ಇದ್ದಾನೆ, ಮರದ ಮೇಲೆ ಇಲ್ಲ, ಅಷ್ಟೆ.

ವಾರಕ್ಕೊಂದು ರಜೆ ಎಂಬ ಮಾತನ್ನು ಅವರು ಹೇಳಿದ ರೀತಿ ನನಗೆ ನಾಟಿತು. ಅದರಲ್ಲಿ ದುಃಖವಿರಲಿಲ್ಲ, ಹೆಮ್ಮೆಯಿತ್ತು. ಕಾರಣ ಅವರೇ ಹೇಳಿದರು: “ಒಂದ್ ದಿನ ಕತ್ತಿ ಮುಟ್ಸದಿದ್ರೆ ಮರ ಸಿಟ್ಟ್ ಮಾಡ್ಕಂತ್ ಮಾಷ್ಟ್ರೆ.” ತುದಿ ಒಣಗಿ ಹನಿ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಹದಮಾಡಬೇಕು. ಮಗಳ ಮನೆಯಲ್ಲಿ ಒಂದು ರಾತ್ರಿ ಉಳಿದು ಎಷ್ಟೋ ವರ್ಷವಾಯಿತಂತೆ. ಜ್ವರ ಬಂದರೂ ಹತ್ತಬೇಕು, ಮಳೆ ಬಂದು ಕಾಂಡ ಪಾಚಿಗಟ್ಟಿದರೂ ಹತ್ತಬೇಕು. ಮೂವತ್ತು ಮರ ಕಟ್ಟುತ್ತಿದ್ದವರು ಈಗ ಹನ್ನೊಂದಕ್ಕೆ ಬಂದಿದ್ದಾರೆ. ಭೂಸುಧಾರಣೆಯಲ್ಲಿ, 1974ರ ಕಾಯಿದೆ ಬಂದ ಮೇಲೆ, ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಅವರದೇ ಆಯಿತು. ಅದರ ಅಕ್ಕಿಯಿಂದ ಮಕ್ಕಳು ಶಾಲೆಗೆ ಹೋದರು. ಶಾಲೆಗೆ ಹೋದವರು ಮರ ಹತ್ತಲಿಲ್ಲ. “ನೀವು ಕುಡಿಯುವುದುಂಟೆ?” ಎಂದೆ. “ಇಲ್ಲೆ. ನಾ ಕುಡುದ್ರೆ ಮೇಲ್ ಹತ್ತುದ್ ಹ್ಯಾಂಗೆ?” ಎಂದು ನಕ್ಕರು.

ಅಳಿಯ ಸುಮ್ಮನಿರಲಿಲ್ಲ. ಅವನು ಒಳ್ಳೆಯ ಮನಸ್ಸಿನ ಹುಡುಗ. ಅಲ್ಸಾಸಿನ ದಾರಿಯ ಕತೆಯನ್ನೆಲ್ಲ ಅವರಿಗೆ ಹೇಳಿದ. ಬಾರಕೂರಿನಿಂದ ಇಲ್ಲಿಯವರೆಗೆ ಫಲಕ ನೆಡಬಹುದು, ಬಸದಿ, ಆಟ, ಅರಮನೆ ನೋಡಿಕೊಂಡು ಜನ ಬರಬಹುದು, ಇವರು ಮರ ಹತ್ತುವುದನ್ನು ನೋಡಿ ಹಣ ಕೊಡಬಹುದು, ಕಸುಬು ಉಳಿಯಬಹುದು. ಹಿರಿಯರು ತಾಳ್ಮೆಯಿಂದ ಕೇಳಿದರು. ಆಮೇಲೆ, “ಅವ್ರ್ ಬಪ್ಪ ದಿನ ನಾ ಹತ್ತುಕಾತ್ತ್. ಅವ್ರ್ ಬರ್ದಿದ್ ದಿನ?” ಎಂದರು.

ಈ ಪ್ರಶ್ನೆಗೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ನೋಡುವವರು ಬರದ ದಿನವೂ ಆಗಬೇಕಾದ ಕೆಲಸವದು. ಹೆಂಚು ಕೈಯಾಡಿಸುವುದೂ ಹಾಗೆಯೇ, ಬಣ್ಣ ಹಚ್ಚುವುದೂ ಹಾಗೆಯೇ. ಈ ಕಸುಬು ಉಳಿಯಬೇಕು ಎನ್ನುವುದು ಸುಲಭ. ಅದು ಮರದ ಕೆಳಗೆ ನಿಂತವನ ಮಾತು. ಬೊಂಬಾಯಿಯಲ್ಲಿ ವಾರಕ್ಕೊಂದು ರಜೆ ಪಡೆಯುವ ಮಗನನ್ನು ಕರೆದು, ಬಾರಪ್ಪ, ನಮ್ಮ ಸನ್ನಕ್ಕಾಗಿ ನೀನು ದಿನಕ್ಕೆರಡು ಸಲ ಹನ್ನೊಂದು ಮರ ಹತ್ತು ಎನ್ನಲು ನನಗೆ ಯಾವ ಅಧಿಕಾರ? ಭೂತಾಳಪಾಂಡ್ಯನ ಕಾಲದಲ್ಲಿ ಪ್ರಶ್ನೆ ಸರಳವಾಗಿತ್ತು: ಇದ್ದ ಆಸ್ತಿ ಮಗನಿಗೊ ಅಳಿಯನಿಗೊ? ಈಗಿನ ಪ್ರಶ್ನೆ ಬೇರೆ. ಕತ್ತಿ ಇದೆ, ಕೈಹದ ಇದೆ. ಮಗನೂ ಬೇಡವೆನ್ನುತ್ತಾನೆ, ಅಳಿಯನೂ ಬೇಡವೆನ್ನುತ್ತಾನೆ. ಬೇಡವೆನ್ನುವ ಸ್ವಾತಂತ್ರ್ಯ ಅವರಿಗೆ ಬಂದದ್ದೇ ಆ ತಂದೆ ಜೀವಮಾನವೆಲ್ಲ ಹತ್ತಿ ಇಳಿದದ್ದರಿಂದ. ಇದನ್ನು ನಷ್ಟವೆನ್ನಬೇಕೊ ಗೆಲುವೆನ್ನಬೇಕೊ? ಎರಡೂ ನಿಜ ಎಂದೇ ನನಗೆ ಕಾಣುತ್ತದೆ. ಒಂದು ನಿಜವನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಕಾರಿನ ಕಿಟಕಿಯಿಂದ ಊರು ನೋಡಿದಂತೆ.

ಅಂಗಡಿಯಲ್ಲಿ ಬರೆಸಿ, ಹಣ ಕೊಟ್ಟು, ಬಾಯಮ್ಮನ ಪಾತ್ರೆಗೆ ಕಳ್ಳು ತುಂಬಿಸಿಕೊಂಡೆವು. ಹಾಲಿಗೆ ನೀರು ಬೆರಸಿದಂಥ ಬಿಳುಪು. ಮೇಲೆ ಸಣ್ಣ ನೊರೆ. ಮುಚ್ಚಳ ಬಿಗಿಮಾಡಬೇಡಿ, ಉಕ್ಕಿ ಹಾರೀತು ಎಂದು ಹಿರಿಯರು ಎಚ್ಚರಿಕೆ ಹೇಳಿದರು. ಹೊರಡುವಾಗ, “ಬರುವ ವರ್ಷವೂ ಬರುತ್ತೇವೆ ಪೂಜಾರ್ರೆ, ಕಳ್ಳು ಇರುತ್ತದಲ್ಲ?” ಎಂದೆ. ಅವರು ತೋಟದ ಕಡೆಗೊಮ್ಮೆ ನೋಡಿದರು. “ಮರ ಇತ್ತ್” ಎಂದರು.

ಬರುವಾಗ ಅಳಿಯ ಕಾರನ್ನು ಎತ್ತಿನ ಗಾಡಿಯಂತೆ ನಡೆಸಿದ. ಪಾತ್ರೆ ನನ್ನ ತೊಡೆಯ ಮೇಲಿತ್ತು. ಒಂದೊಂದು ತಿರುವಿಗೂ ಮುಚ್ಚಳದಡಿಯಿಂದ ಸುಯ್ ಎಂಬ ಸದ್ದು ಬರುತ್ತಿತ್ತು. ಬ್ರಹ್ಮಾವರ ಮುಟ್ಟುವ ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು. ಬಾಯಮ್ಮ ಹಿಟ್ಟು ರುಬ್ಬಿಟ್ಟುಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. ಮುಚ್ಚಳ ತೆಗೆದು ಮೂಸಿ ನೋಡಿ, ಒಂದು ಹನಿ ನಾಲಿಗೆಗಿಟ್ಟುಕೊಂಡು, ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಬೇಲಿಯ ಮೇಲಿನಿಂದ ಬಂದ ತಟ್ಟೆಯಲ್ಲಿ ಹತ್ತಲ್ಲ, ಹದಿನೈದು ಸನ್ನ ಇದ್ದುವು. ಅವರ ಮನೆಗೆ ಆಗಲೇ ನೆಂಟರು ಬಂದಿದ್ದರು, ಮಂಗಳೂರಿನವರು, ದುಬಾಯಿಯವರು. ಅಡಿಗೆಮನೆಯಿಂದ ಬಾಯಮ್ಮ ಅವರಿಗೆ ಹೇಳುತ್ತಿದ್ದುದು ನಮ್ಮ ಜಗಲಿಗೂ ಕೇಳಿಸಿತು: “ತಿಂದು ನೋಡಿ. ಇದು ಪೇಟೆಯ ಯೀಸ್ಟಿನದ್ದಲ್ಲ, ಕೊಕ್ಕರ್ಣೆಯ ಕಳ್ಳಿನದು.”